ಕಣ್ಣು ಉಳಿಯಬೇಕಾದರೆ ಕಾಲು ನಡೆಯಬೇಕು

(ಹೇರೋಹಳ್ಳಿಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸಗಾರನೊಬ್ಬ ಸಭೆ ಕರೆದರೆ ಕೂಲಿ, ಬೋನಸ್ಸು, ಬಾಡಿಗೆ, ಬೆಲೆಯೇರಿಕೆ ಇವುಗಳ ಮಾತೇ ಬರುತ್ತದೆಂದು ನೀವು ಎಣಿಸಿರಬಹುದು. ಅವುಗಳಿಗೆ ಬೇರೆ ಸಭೆ ಇದ್ದೇ ಇದೆ. ಇವತ್ತಿನ ಮಾತು ಕಣ್ಣಿನದು. ಅದರಲ್ಲೂ ಸಕ್ಕರೆ ಕಾಯಿಲೆ ಇರುವವರ ಕಣ್ಣಿನದು.

ಇದೇಕೆ ನಮ್ಮ ಸಭೆಗೆ ಬರಬೇಕಾದ ವಿಷಯ ಎಂದು ಕೇಳಿದರೆ, ನಿಮ್ಮ ನಿಮ್ಮ ಕೆಲಸವನ್ನೇ ಒಂದು ಸಲ ನೆನೆದುಕೊಳ್ಳಿ ಎನ್ನುತ್ತೇನೆ. ಮಗ್ಗದ ಮುಂದೆ ನಿಂತವನು ಎಳೆ ಕಡಿದದ್ದನ್ನು ಕಣ್ಣಿನಲ್ಲಿ ಹಿಡಿದು ಗಂಟು ಹಾಕಬೇಕು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೂತ ಹೆಣ್ಣುಮಗಳು ಸೂಜಿಯ ಕೆಳಗೆ ಹೊಲಿಗೆ ನೇರವಾಗಿ ಹೋಗುತ್ತಿದೆಯೆ ಎಂದು ದಿನವೆಲ್ಲ ನೋಡುತ್ತಿರಬೇಕು. ಪೀಣ್ಯದಲ್ಲಿ ಲೇತು ನಡೆಸುವವನು ಕೂದಲೆಳೆಯಷ್ಟು ವ್ಯತ್ಯಾಸವನ್ನು ಅಳೆಯಬೇಕು. ಅಂಗಡಿಯವನು ತಕ್ಕಡಿಯ ಅಂಕಿ, ಸಾಲದ ಪುಸ್ತಕ, ಫೋನಿಗೆ ಬಂದ ದುಡ್ಡಿನ ಮೊತ್ತ ಎಲ್ಲವನ್ನೂ ಓದಬೇಕು. ಸಾಹುಕಾರನ ಬಂಡವಾಳ ಬ್ಯಾಂಕಿನಲ್ಲಿದೆ. ದುಡಿಯುವವನ ಬಂಡವಾಳ ಅವನ ಮೈಯಲ್ಲಿದೆ. ಆ ಮೈಯಲ್ಲಿ ಕೈಗಿಂತ ಮೊದಲು ಕೆಲಸಕ್ಕೆ ಇಳಿಯುವುದು ಕಣ್ಣು. ಕಣ್ಣು ಮಂಜಾದ ದಿನ ಕೂಲಿ ನಿಲ್ಲುತ್ತದೆ. ಕೂಲಿ ನಿಂತ ಮನೆಯಲ್ಲಿ ಮಗುವಿನ ಶಾಲೆಯೂ ನಿಲ್ಲುತ್ತದೆ. ಇದನ್ನು ನಾನು ಮೇಷ್ಟರಾಗಿದ್ದಾಗ ಹಾಜರಿ ಪುಸ್ತಕದಲ್ಲಿ ನೋಡಿದ್ದೇನೆ.

ಹಾಗಾದರೆ ಈ ಕಾಯಿಲೆ ಎಷ್ಟು ಜನಕ್ಕಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಆ ಲೆಕ್ಕ ಹೇಳುತ್ತದೆ. ಇದು ಉಂಡಾಡಿಗಳ ಕಾಯಿಲೆ, ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತನ್ನು ಇನ್ನು ಮರೆತುಬಿಡಿ. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದೇಶದ ಹಲವು ರಾಜ್ಯಗಳಲ್ಲಿ 40 ವರ್ಷ ದಾಟಿದ ಸಕ್ಕರೆ ಕಾಯಿಲೆಯವರ ಕಣ್ಣಿನ ಒಳಭಾಗವನ್ನು ಪರೀಕ್ಷಿಸಿದರು. ನೂರಕ್ಕೆ 12ರಿಂದ 13 ಜನರ ಕಣ್ಣಿನ ಪರದೆಗೆ ಆಗಲೇ ಪೆಟ್ಟು ಬಿದ್ದಿತ್ತು. ನೂರಕ್ಕೆ 4 ಜನಕ್ಕೆ ದೃಷ್ಟಿಯೇ ಹೋಗುವಷ್ಟು ಅಪಾಯವಿತ್ತು.

ಸದ್ದಿಲ್ಲದೆ ಬರುವ ಕೇಡು

ಕಣ್ಣಿಗೂ ಸಕ್ಕರೆಗೂ ಏನು ಸಂಬಂಧ? ಇದನ್ನು ತಿಳಿದುಕೊಂಡರೆ ಮುಂದಿನದು ಸುಲಭ.

ಕಣ್ಣಿನ ಹಿಂಭಾಗದಲ್ಲಿ ತೆಳುವಾದ ಒಂದು ಪರದೆ ಇದೆ. ಅದಕ್ಕೆ ಅಕ್ಷಿಪಟಲ ಎಂದು ಹೆಸರು. ಡಾಕ್ಟರು ರೆಟಿನಾ ಎನ್ನುತ್ತಾರೆ. ಹೊರಗಿನ ಬೆಳಕು ಬಿದ್ದು ಚಿತ್ರ ಮೂಡುವುದು ಅಲ್ಲಿ. ಆ ಪರದೆ ಬಿಡುವಿಲ್ಲದೆ ದುಡಿಯುತ್ತದೆ, ಅದಕ್ಕೆ ರಕ್ತ ಬೇಕು. ಆ ರಕ್ತ ಬರುವುದು ಕೂದಲಿಗಿಂತ ಸಣ್ಣ ನಾಳಗಳಲ್ಲಿ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಈ ಸಣ್ಣ ನಾಳಗಳ ಗೋಡೆ ಸಡಿಲವಾಗುತ್ತದೆ.

ನಮ್ಮ ಬಡಾವಣೆಗಳ ನೀರಿನ ಪೈಪುಗಳನ್ನೇ ನೋಡಿ. ಪೈಪು ಹಳತಾದರೆ ಮೊದಲು ಅಲ್ಲಲ್ಲಿ ಉಬ್ಬುತ್ತದೆ, ಆಮೇಲೆ ಸೋರುತ್ತದೆ, ಕೊನೆಗೆ ಕಟ್ಟಿಕೊಳ್ಳುತ್ತದೆ. ಕಣ್ಣಿನಲ್ಲಿಯೂ ಹಾಗೆಯೆ. ಮೊದಲು ನಾಳಗಳಲ್ಲಿ ಸಾಸಿವೆಗಿಂತ ಬಹಳ ಚಿಕ್ಕ ಉಬ್ಬುಗಳು ಕಾಣುತ್ತವೆ. ಆಮೇಲೆ ಅವುಗಳಿಂದ ನೀರು, ಕೊಬ್ಬು, ರಕ್ತ ಸೋರುತ್ತದೆ. ಪರದೆಯ ನಡುಮಧ್ಯದಲ್ಲಿ, ನಾವು ಅಕ್ಷರ ಓದುವ ಜಾಗದಲ್ಲಿ, ಹೀಗೆ ಸೋರಿ ಊತ ಬಂದರೆ ಓದು ಮಂಜಾಗುತ್ತದೆ. ಕೆಲವು ನಾಳಗಳು ಕಟ್ಟಿಕೊಂಡರೆ ರಕ್ತ ಸಾಲದೆ ಹೋದ ಕಣ್ಣು ತಾನೇ ಹೊಸ ನಾಳಗಳನ್ನು ಬೆಳೆಸುತ್ತದೆ. ನೀರು ಬಾರದ ಓಣಿಯವರು ಬಡಬಡ ಎಳೆದುಕೊಂಡ ಪೈಪಿನಂತೆ ಅವು ಗಟ್ಟಿಯಾಗಿರುವುದಿಲ್ಲ. ಒಂದು ದಿನ ಒಡೆಯುತ್ತವೆ. ಆಗ ಕಣ್ಣಿನೊಳಗೆ ರಕ್ತ ತುಂಬಿ, ಮುಂದೆ ಕಪ್ಪು ಎಳೆಗಳು ತೇಲಿದಂತೆ, ಪರದೆ ಇಳಿಬಿಟ್ಟಂತೆ ಆಗುತ್ತದೆ. ಅಕ್ಷಿಪಟಲವೇ ತನ್ನ ಜಾಗದಿಂದ ಕಳಚಿಕೊಳ್ಳುವುದೂ ಉಂಟು.

ಇದರಲ್ಲಿ ಬಹಳ ಕೆಟ್ಟದ್ದು ಯಾವುದು ಗೊತ್ತೆ? ಮೊದಲ ಹಂತಗಳಲ್ಲಿ ನೋವಿಲ್ಲ, ಉರಿಯಿಲ್ಲ, ನೀರು ಸುರಿಯುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ತರಗತಿಯಲ್ಲಿ ಹಲಗೆ ಕಾಣದ ಹುಡುಗ ಎದ್ದು ನಿಂತು ಹೇಳುತ್ತಾನೆ. ಸಕ್ಕರೆ ಕಾಯಿಲೆಯ ಕಣ್ಣು ಏನೂ ಹೇಳುವುದಿಲ್ಲ. “ನನಗೆ ಚೆನ್ನಾಗಿಯೇ ಕಾಣುತ್ತದಲ್ಲ ಮೇಷ್ಟ್ರೆ” ಎಂದು ಅನೇಕರು ಹೇಳುತ್ತಾರೆ. ಅದು ನಿಜವೂ ಹೌದು. ಚೆನ್ನಾಗಿ ಕಾಣುತ್ತಿರುವಾಗಲೇ ಒಳಗೆ ಕೇಡು ಬೆಳೆಯುತ್ತಿರುತ್ತದೆ. ಇನ್ನು ಕೆಲವರು ಮಂಜಾದಾಗ “ಪೊರೆ ಬಂದಿರಬೇಕು, ಬಲಿಯಲಿ, ಆಮೇಲೆ ತೆಗೆಸಿದರಾಯಿತು” ಎಂದು ಕಾಯುತ್ತಾರೆ. ಪೊರೆ ತೆಗೆಯಬಹುದು, ಪರದೆಯಲ್ಲಿ ಸತ್ತ ಭಾಗವನ್ನು ಮತ್ತೆ ತರಲಾಗುವುದಿಲ್ಲ.

ನಡಿಗೆಗೂ ನೋಟಕ್ಕೂ ನಂಟು

ಈಗ ವ್ಯಾಯಾಮಕ್ಕೆ ಬರೋಣ. ಮೊದಲೇ ಒಂದು ಮಾತು: ನಾನು ಹೇಳುತ್ತಿರುವುದು ಕಣ್ಣುಗುಡ್ಡೆ ತಿರುಗಿಸುವ ವ್ಯಾಯಾಮವಲ್ಲ. ಅದರಿಂದ ಈ ಕಾಯಿಲೆ ತಡೆಯುವುದಿಲ್ಲ. ಸೊಪ್ಪಿನ ರಸ, ಜೇನುತುಪ್ಪ ಕಣ್ಣಿಗೆ ಬಿಡುವುದೂ ಬೇಡ. ಅದರಿಂದ ಹೊಸ ಕೇಡು ಬರಬಹುದು. ನಾನು ಹೇಳುತ್ತಿರುವುದು ಕಾಲಿನ, ತೊಡೆಯ, ತೋಳಿನ ವ್ಯಾಯಾಮ.

ಕಾಲು ನಡೆದರೆ ಕಣ್ಣಿಗೇನು ಬಂತು? ಮೂರು ದಾರಿಯಿಂದ ಬಂತು.

ಒಂದು: ಸಕ್ಕರೆ. ನಮ್ಮ ಮೈಯಲ್ಲಿ ಸಕ್ಕರೆಯನ್ನು ಹೆಚ್ಚಾಗಿ ಉರಿಸುವ ಒಲೆ ಎಂದರೆ ಸ್ನಾಯು, ಅಂದರೆ ಮಾಂಸಖಂಡ. ಸುಮ್ಮನೆ ಕೂತಾಗ ರಕ್ತದ ಸಕ್ಕರೆ ಸ್ನಾಯುವಿನೊಳಕ್ಕೆ ಹೋಗಲು ಇನ್ಸುಲಿನ್ ಎಂಬ ರಸ ಬಾಗಿಲು ತೆರೆಯಬೇಕು. ಸಕ್ಕರೆ ಕಾಯಿಲೆಯಲ್ಲಿ ಆ ರಸ ಸಾಲದು, ಇಲ್ಲವೆ ಇದ್ದರೂ ಅದರ ಮಾತು ನಡೆಯುವುದಿಲ್ಲ. ಆದರೆ ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಬಾಗಿಲು ತೆರೆದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನಡೆದು ಮುಗಿಸಿದ ಮೇಲೂ ಒಂದು ದಿನ, ಕೆಲವರಿಗೆ ಎರಡು ದಿನ, ಇನ್ಸುಲಿನ್ನಿನ ಮಾತು ಮೊದಲಿಗಿಂತ ಚೆನ್ನಾಗಿ ನಡೆಯುತ್ತದೆ. ಆಮೇಲೆ ಆ ಗುಣ ಇಳಿದುಹೋಗುತ್ತದೆ. ಆದುದರಿಂದಲೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂದು ವೈದ್ಯರು ಹೇಳುವುದು. ಭಾನುವಾರ ಒಂದೇ ದಿನ ಮೂರು ಗಂಟೆ ನಡೆದು ಆರು ದಿನ ಕೂತರೆ ಲೆಕ್ಕ ಸರಿಹೋಗುವುದಿಲ್ಲ.

ಎರಡು: ರಕ್ತದ ಒತ್ತಡ, ನಾವು ಬಿ.ಪಿ. ಎನ್ನುವುದು. ಸಡಿಲವಾದ ಪೈಪಿಗೆ ಒತ್ತಡ ಹೆಚ್ಚಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ಇಪ್ಪತ್ತು ವರ್ಷ ನಡೆದ ಒಂದು ದೊಡ್ಡ ಅಧ್ಯಯನದ ಫಲ 1998ರಲ್ಲಿ ಬಂತು. ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣಿನ ಪರದೆ ಹದಗೆಡುವುದು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ಅವರು ಹಿಡಿದದ್ದು ಔಷಧದಿಂದ. ಕ್ರಮವಾದ ನಡಿಗೆ ಕೂಡ ಒತ್ತಡವನ್ನು ಸ್ವಲ್ಪ ಇಳಿಸುತ್ತದೆ; ಔಷಧದ ಕೆಲಸಕ್ಕೆ ಹೆಗಲು ಕೊಡುತ್ತದೆ.

ಮೂರು: ಹೊಟ್ಟೆಯ ಸುತ್ತಣ ಬೊಜ್ಜು ಮತ್ತು ರಕ್ತದ ಕೊಬ್ಬು. ಇವು ಕರಗಿದಷ್ಟೂ ಇನ್ಸುಲಿನ್ನಿನ ಮಾತು ನಡೆಯುತ್ತದೆ. ಮೊದಲ ಎರಡಕ್ಕೂ ಇದು ನೆರವು.

ಇದಲ್ಲದೆ ವ್ಯಾಯಾಮ ಅಕ್ಷಿಪಟಲಕ್ಕೆ ನೇರವಾಗಿಯೂ ನೆರವಾಗುವ ಸೂಚನೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಿಕ್ಕಿದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ಕಾಣಬೇಕೆಂದಿಲ್ಲ. ಆದುದರಿಂದ ಅದರ ಮೇಲೆ ನಾನು ಏನನ್ನೂ ಕಟ್ಟುವುದಿಲ್ಲ.

ಒಂದು ಎಣ್ಣೆ ಪಟ್ಟಣದ ಕಥೆ

ಮೇಷ್ಟರು ಹೇಳಿದ ಮಾತ್ರಕ್ಕೆ ನಂಬಬೇಡಿ, ಪುರಾವೆ ಕೇಳಿ. ಪುರಾವೆ ಕೇಳುವುದು ದುಡಿಯುವವರ ಹಕ್ಕು.

ಚೀನದ ಉತ್ತರದಲ್ಲಿ ದಾಚಿಂಗ್ ಎಂಬ ಊರಿದೆ. ಭೂಮಿಯಿಂದ ಎಣ್ಣೆ ತೆಗೆಯುವ ಕಾರ್ಮಿಕರ ಊರು. 1986ರಲ್ಲಿ ಅಲ್ಲಿನ 33 ಚಿಕಿತ್ಸಾಲಯಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿದ್ದಾರೆ, ಅಂಥ 577 ಗಂಡಸರು ಹೆಂಗಸರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಊಟದ ಪಥ್ಯ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಎರಡೂ. ಇನ್ನೊಂದು ಗುಂಪಿಗೆ ಎಂದಿನ ಬದುಕು. ಹೀಗೆ ಆರು ವರ್ಷ ನಡೆಯಿತು. ಆಮೇಲೆ ಯಾರಿಗೂ ಯಾವ ಕಟ್ಟುಪಾಡೂ ಇರಲಿಲ್ಲ.

ಪ್ರಯೋಗ ಆರಂಭವಾಗಿ ಇಪ್ಪತ್ತು ವರ್ಷವಾದ ಮೇಲೆ ಅವರನ್ನೆಲ್ಲ ಹುಡುಕಿ ನೋಡಿದರು. ಎಂದಿನಂತೆ ಬಾಳಿದವರಿಗೆ ಹೋಲಿಸಿದರೆ, ಪಥ್ಯ ವ್ಯಾಯಾಮಗಳ ಗುಂಪಿನವರಲ್ಲಿ ತೀವ್ರವಾದ ಕಣ್ಣಿನ ಪರದೆಯ ಕಾಯಿಲೆ, ಅಂದರೆ ಲೇಸರ್ ಚಿಕಿತ್ಸೆ ಬೇಕಾಗುವಂಥದು ಅಥವಾ ಕುರುಡಾಗುವಂಥದು, ನೂರಕ್ಕೆ 47ರಷ್ಟು ಕಡಿಮೆಯಾಗಿತ್ತು. ಹೆಚ್ಚು ಕಡಿಮೆ ಅರ್ಧ! ಈ ಫಲ 2011ರಲ್ಲಿ ಪ್ರಕಟವಾಯಿತು. ಆರು ವರ್ಷ ಕಷ್ಟಪಟ್ಟದ್ದರ ಬಡ್ಡಿ ಅವರಿಗೆ ಮುಂದೆ ಎಷ್ಟೋ ವರ್ಷ ಬರುತ್ತಲೇ ಇತ್ತು.

ನಮ್ಮ ನೆರೆಯ ಚೆನ್ನೈಯಲ್ಲೂ ಅಂಥ ಪ್ರಯೋಗ ನಡೆದಿದೆ. 2006ರಲ್ಲಿ ಅದರ ಫಲ ಬಂತು. ಹೊಸ್ತಿಲಲ್ಲಿದ್ದ 531 ಜನರಲ್ಲಿ, ಊಟ ತಿದ್ದಿಕೊಂಡು ಮೈ ದಂಡಿಸಿದವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಒಂದು ಮಾತ್ರೆ ನುಂಗಿದವರಿಗೂ ಸುಮಾರು ಅಷ್ಟೇ ಲಾಭ ಸಿಕ್ಕಿತು. ಅಂದರೆ ನಮ್ಮ ಅನ್ನ, ಮುದ್ದೆ, ಇಡ್ಲಿ ತಿನ್ನುವ ಮೈಗೂ ಈ ಮಾತು ಹೊಂದುತ್ತದೆ.

ಕಾಯಿಲೆ ಬಂದೇ ಬಿಟ್ಟವರ ಗತಿ? ಅವರಿಗೂ ಲಾಭವಿದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಒಂದು ರಕ್ತಪರೀಕ್ಷೆ ಇದೆ; ಎಚ್‌ಬಿಎ1ಸಿ ಎನ್ನುತ್ತಾರೆ. 2011ರಲ್ಲಿ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಾರಕ್ಕೆ 150 ನಿಮಿಷಕ್ಕಿಂತ ಹೆಚ್ಚು ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಈ ಅಂಕಿ ಸುಮಾರು 0.9ರಷ್ಟು ಇಳಿದಿತ್ತು, ಅದಕ್ಕಿಂತ ಕಡಿಮೆ ಮಾಡಿದವರಲ್ಲಿ 0.4ರಷ್ಟು ಮಾತ್ರ. ಇಂಗ್ಲೆಂಡಿನ ಆ ಅಧ್ಯಯನದ ಪ್ರಕಾರ ಈ ಅಂಕಿ 1 ಕಡಿಮೆ ಇದ್ದವರಲ್ಲಿ ಕಣ್ಣು, ಮೂತ್ರಪಿಂಡ ಮೊದಲಾದ ಕಡೆಯ ಸಣ್ಣ ನಾಳಗಳ ಕೇಡು ನೂರಕ್ಕೆ 37ರಷ್ಟು ಕಡಿಮೆ ಇತ್ತು. ಈ ಎರಡು ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಡಿಗೆ ಎಷ್ಟು ಬೆಲೆಬಾಳುವ ವಸ್ತು ಎಂದು ತಿಳಿಯುತ್ತದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನಾನು ನಿಮ್ಮ ಮುಂದಿಡಬೇಕು. ದಾಚಿಂಗ್‌ನಲ್ಲಿ ಕಣ್ಣಿನ ಲೆಕ್ಕ ಹಾಕುವಾಗ ಪಥ್ಯದ ಗುಂಪು, ವ್ಯಾಯಾಮದ ಗುಂಪು ಎಲ್ಲವನ್ನೂ ಸೇರಿಸಿ ಹಾಕಿದರು. ವ್ಯಾಯಾಮವೊಂದರ ಪಾಲು ಎಷ್ಟೆಂದು ಅದರಿಂದ ಬೇರೆ ಮಾಡಿ ಹೇಳುವಂತಿಲ್ಲ. ಬೇರೆ ಬೇರೆ ದೇಶಗಳಲ್ಲಿ ಚಟುವಟಿಕೆಯುಳ್ಳವರನ್ನೂ ಕೂತೇ ಇರುವವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಚಟುವಟಿಕೆಯವರ ಕಣ್ಣು ಮೇಲು ಎಂದು ಕಂಡಿದೆ; ಅಂತರ ಮಾತ್ರ ದೊಡ್ಡದಲ್ಲ. ಆದುದರಿಂದ ನಾನು “ನಡೆದರೆ ಕಣ್ಣು ಹೋಗುವುದೇ ಇಲ್ಲ” ಎನ್ನುವುದಿಲ್ಲ. ನಡೆಯುವವನ ಕಣ್ಣು ಉಳಿಯುವ ಸಂಭವ ಹೆಚ್ಚು ಎನ್ನುತ್ತೇನೆ. ಇಂಥ ಕಾಸಿಲ್ಲದ ಔಷಧಕ್ಕೆ ಅಷ್ಟು ಸಾಕಲ್ಲವೆ?

ದುಡಿಮೆ ಬೇರೆ, ವ್ಯಾಯಾಮ ಬೇರೆ

ಈಗ ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ಕೇಳುತ್ತಿರುವ ಪ್ರಶ್ನೆ ನನಗೆ ಗೊತ್ತು. “ನಾವು ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವರು. ನಮಗೆ ಬೇರೆ ವ್ಯಾಯಾಮ ಏತಕ್ಕೆ?”

ಪ್ರಶ್ನೆ ನ್ಯಾಯವಾದದ್ದೆ. ಆದರೆ ದಣಿವು ಬೇರೆ, ವ್ಯಾಯಾಮ ಬೇರೆ. ಹೊಲಿಗೆ ಯಂತ್ರದ ಮುಂದೆ ಹೆಣ್ಣುಮಗಳು ಎಂಟು ಒಂಬತ್ತು ಗಂಟೆ ಕೂತಿರುತ್ತಾಳೆ. ಬೆನ್ನು ನೋಯುತ್ತದೆ, ಕಣ್ಣು ಸೋಲುತ್ತದೆ, ಆದರೆ ತೊಡೆಯ ದೊಡ್ಡ ಸ್ನಾಯುಗಳು ಇಡೀ ದಿನ ಮಲಗಿರುತ್ತವೆ. ಅಂಗಡಿಯವನು ಗಲ್ಲಾದ ಹಿಂದೆ ಹದಿನಾಲ್ಕು ಗಂಟೆ ಕೂರುತ್ತಾನೆ. ಗಿರಾಕಿ ಬಂದಾಗಲೆಲ್ಲ ಒಂದು ಸಿಹಿ ಚಹಾ. ಮಗ್ಗದವನು ನಿಂತಿರುತ್ತಾನೆ ನಿಜ; ನಿಂತಲ್ಲಿಯೇ ನಿಂತರೆ ಕಾಲು ಊದುತ್ತದೆ, ಸಕ್ಕರೆ ಅಷ್ಟಾಗಿ ಉರಿಯುವುದಿಲ್ಲ.

ಕೆಲಸದ ರೀತಿ ಮೈಯನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಲಂಡನ್ನಿನ ಬಸ್ಸುಗಳ ಒಂದು ಹಳೆಯ ಲೆಕ್ಕವಿದೆ. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಅದನ್ನು ಪ್ರಕಟಿಸಿದರು. ಎರಡು ಅಂತಸ್ತಿನ ಬಸ್ಸಿನಲ್ಲಿ ಡ್ರೈವರು ದಿನವೆಲ್ಲ ಕೂತಿರುತ್ತಾನೆ, ಕಂಡಕ್ಟರು ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಪೆನಿ ಒಂದೇ, ಬಸ್ಸು ಒಂದೇ. ಆದರೂ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಡ್ರೈವರುಗಳಿಗಿಂತ ಕಡಿಮೆ. ಅದು ಹೃದಯದ ಲೆಕ್ಕ, ಕಣ್ಣಿನದಲ್ಲ. ಆದರೆ ಹೃದಯದ ನಾಳವಾಗಲಿ ಕಣ್ಣಿನ ನಾಳವಾಗಲಿ, ಕಾಲಾಡಿಸದವನ ಮೈಯಲ್ಲಿ ಎರಡಕ್ಕೂ ಕಷ್ಟವೆ. ನಮ್ಮಲ್ಲಿ ಹೆಚ್ಚು ಜನ ಇಂದು ಕಂಡಕ್ಟರ ಪಾಲಿಗಿಂತ ಡ್ರೈವರ ಪಾಲಿನಲ್ಲೇ ಇದ್ದೇವೆ.

ಏನು ಮಾಡಬೇಕು?

ವಾರಕ್ಕೆ 150 ನಿಮಿಷ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಸಂತೆಗೆ ಹೋಗುವ ನಿಧಾನದ ನಡಿಗೆಯಲ್ಲ. ಬಸ್ಸು ತಪ್ಪೀತೆಂಬ ಬಿರುಸಿನ ನಡಿಗೆ. ಅಳತೆ ಬೇಕೆ? ನಡೆಯುವಾಗ ಜೊತೆಯವನೊಡನೆ ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು. ಅಷ್ಟೇ ವೇಗ ಸಾಕು.

ಅರ್ಧ ಗಂಟೆ ಒಟ್ಟಿಗೆ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮಾಡಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಊಟದ ನಂತರ ಏರುವ ಸಕ್ಕರೆಗೆ ಅದು ಒಳ್ಳೆಯ ಕಡಿವಾಣ. ಅಂಗಡಿಯವರು ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಓಡಾಡಿ. ಸಾಮಾನನ್ನು ಹುಡುಗನ ಕೈಲಿ ತರಿಸದೆ ನೀವೇ ಎದ್ದು ತನ್ನಿ. ಕೆಲಸದಿಂದ ಮರಳುವವರು ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯಲ್ಲಿಯೇ ಬಸ್ಸಿಳಿದು ಹೇರೋಹಳ್ಳಿಯವರೆಗೆ ನಡೆದು ಬನ್ನಿ. ನಮ್ಮೂರಿಗೆ ಕೆರೆಯೊಂದಿದೆ, ಅದರ ಸುತ್ತಿನ ಗಾಳಿಗೆ ಯಾರೂ ಬಾಡಿಗೆ ಕೇಳುವುದಿಲ್ಲ.

ನಡಿಗೆಯ ಜೊತೆಗೆ ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಇರಲಿ. ನಮ್ಮ ಹಿರಿಯರು ಗರಡಿ ಮನೆಯಲ್ಲಿ ಮಾಡುತ್ತಿದ್ದ ಬಸ್ಕಿಯೇ ಸಾಕು. ಮಂಡಿ ನೋವಿದ್ದವರು ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೆ ಅದೂ ಬಸ್ಕಿಯೆ. ಗೋಡೆಗೆ ಎರಡು ಕೈ ಊರಿ ಮೈಯನ್ನು ಹಿಂದೆ ಮುಂದೆ ಮಾಡಿದರೆ ಅದೇ ಬಡವನ ದಂಡ. ಸ್ನಾಯು ಬೆಳೆದಷ್ಟೂ ಸಕ್ಕರೆ ಉರಿಸುವ ಒಲೆ ದೊಡ್ಡದಾಗುತ್ತದೆ.

ತಾಯಂದಿರಿಗೆ ಒಂದು ಮಾತು. ಬೆಳಗಿನ ಕತ್ತಲಲ್ಲಿ ಒಬ್ಬೊಬ್ಬರೇ ಹೋಗಲು ನಿಮಗೆ ಅಂಜಿಕೆಯೆಂದು ನನಗೆ ಗೊತ್ತು. ನಾಲ್ಕೈದು ಜನ ಜೊತೆಗೂಡಿ ಹೋಗಿ. ಅದಕ್ಕೂ ಆಗದಿದ್ದರೆ ಮನೆಯ ತಾರಸಿಯ ಮೇಲೆ ನಡೆಯಿರಿ. ಗಂಡಸರಿಗೂ ಒಂದು ಮಾತಿದೆ: ಹೆಂಡತಿ ಅರ್ಧ ಗಂಟೆ ನಡೆಯಬೇಕಾದರೆ ಆ ಅರ್ಧ ಗಂಟೆ ಒಲೆಯ ಮುಂದೆ ನೀವು ನಿಲ್ಲಬೇಕು.

ಎಚ್ಚರಿಕೆ ಇಲ್ಲದ ಉತ್ಸಾಹ ಬೇಡ

ಈಗ ಹೇಳುವುದನ್ನು ಕಿವಿಗೊಟ್ಟು ಕೇಳಿ. ಇದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೇಳಿಕೊಂಡು ಹೋದರೆ ಕಣ್ಣು ಉಳಿಸಲು ಹೊರಟು ಕಣ್ಣು ಕಳೆದುಕೊಂಡಂತಾದೀತು.

ಕಣ್ಣಿನ ಪರದೆಯ ಕಾಯಿಲೆ ಆಗಲೇ ಬಲಿತಿದ್ದರೆ, ಆ ದುರ್ಬಲವಾದ ಹೊಸ ನಾಳಗಳು ಬೆಳೆದಿದ್ದರೆ, ಕೆಲವು ವ್ಯಾಯಾಮಗಳೇ ಅಪಾಯ. ಉಸಿರು ಬಿಗಿಹಿಡಿದು ಭಾರ ಎತ್ತುವುದು, ದಡಬಡ ಹಾರುವುದು, ಬಿರುಸಾಗಿ ಓಡುವುದು, ತಲೆ ಕೆಳಗೆ ಮಾಡುವುದು, ಇವುಗಳಿಂದ ನಾಳ ಒಡೆದು ಕಣ್ಣಿನೊಳಗೆ ರಕ್ತ ಸುರಿಯಬಹುದು, ಪರದೆ ಕಳಚಬಹುದು. ಅಂಥವರು ಶೀರ್ಷಾಸನ ಮಾಡಲೇಕೂಡದು. ನಮ್ಮ ಹಮಾಲಿ ಬಂಧುಗಳು, ಮೂಟೆ ಹೊರುವ ಅಂಗಡಿಯ ಆಳುಗಳು, ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ಪರದೆ ತೋರಿಸಿಕೊಳ್ಳದೆ ಇರಬಾರದು. ಅವರಿಗೆ ಭಾರ ಎತ್ತುವುದು ಹೊಟ್ಟೆಪಾಡು. ಕಣ್ಣು ತೋರಿಸಿಕೊಂಡು, ಭಾರ ಎತ್ತಬಹುದೆ ಎಂದು ವೈದ್ಯರನ್ನೇ ನೇರವಾಗಿ ಕೇಳಿ. ಹದವಾದ ನಡಿಗೆ ಹೆಚ್ಚಿನವರಿಗೆ ನಡೆಯುತ್ತದೆ. ಅದನ್ನೂ ವೈದ್ಯರ ಬಾಯಲ್ಲೇ ಕೇಳಿ ತಿಳಿಯಿರಿ.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಜೋರಾಗಿ ಇಳಿಸುವ ಕೆಲವು ಮಾತ್ರೆ ನುಂಗುವವರು ಬರಿಹೊಟ್ಟೆಯಲ್ಲಿ ಬಿರುಸಾಗಿ ನಡೆದರೆ ಸಕ್ಕರೆ ಬಹಳ ಇಳಿದುಬಿಡಬಹುದು. ಬೆವರು, ನಡುಕ, ಕಣ್ಣುಕತ್ತಲೆ ಬಂದರೆ ತಕ್ಷಣ ನಿಂತು ಸಕ್ಕರೆಯನ್ನೋ ಬೆಲ್ಲವನ್ನೋ ಬಾಯಿಗೆ ಹಾಕಿಕೊಳ್ಳಬೇಕು. ಜೇಬಿನಲ್ಲಿ ಅದು ಯಾವಾಗಲೂ ಇರಲಿ. ಪಾದದ ಸ್ಪರ್ಶ ಕಳೆದುಕೊಂಡವರು ಬರಿಗಾಲಲ್ಲಿ ನಡೆಯಬೇಡಿ. ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಿ. ನಡೆಯುತ್ತೇನೆಂಬ ಹೆಮ್ಮೆಯಲ್ಲಿ ಮಾತ್ರೆ ಬಿಡಬೇಡಿ. ನಡಿಗೆ ಔಷಧದ ಜೊತೆಗಾರನೇ ಹೊರತು ಅದರ ಬದಲಿಗೆ ಬಂದವನಲ್ಲ.

ವರ್ಷಕ್ಕೊಂದು ಅರ್ಧ ದಿನ

ಹೊಸ್ತಿಲಲ್ಲಿ ಇದ್ದರೂ ಗೊತ್ತಿಲ್ಲದವರು ಮೊದಲು ರಕ್ತ ತೋರಿಸಿ. ನಮ್ಮ ಕ್ಲಿನಿಕ್ಕುಗಳಲ್ಲಿ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆಯ ಪರೀಕ್ಷೆ ಮಾಡುತ್ತಾರೆ. ಸಾಮಾನ್ಯವಾಗಿ ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಾದರೆ, ಕಾಯಿಲೆ ಇದೆ ಎಂದು ಗೊತ್ತಾದ ದಿನವೇ ಕಣ್ಣಿನ ಪರದೆ ತೋರಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಬಸುರಿಯಾದ ಸಕ್ಕರೆ ಕಾಯಿಲೆಯವರು ಇನ್ನೂ ಹೆಚ್ಚು ಸಲ ತೋರಿಸಬೇಕು.

ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿದರೆ ಅದು ಈ ಪರೀಕ್ಷೆ ಆಗಲಿಲ್ಲ. ಕಣ್ಣಿಗೆ ಹನಿ ಬಿಟ್ಟು, ಪಾಪೆ ಅಗಲ ಮಾಡಿ ಒಳಗೆ ನೋಡಬೇಕು, ಇಲ್ಲವೆ ಪರದೆಯ ಫೋಟೋ ತೆಗೆಯಬೇಕು. ಹನಿ ಬಿಟ್ಟ ಮೇಲೆ ಕೆಲವು ಗಂಟೆ ಮಬ್ಬಾಗಿರುತ್ತದೆ. ಗಾಡಿ ಓಡಿಸಬಾರದು, ಯಂತ್ರದ ಮುಂದೆ ನಿಲ್ಲಬಾರದು. ಆದುದರಿಂದ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಅರ್ಧ ದಿನದ ಕೂಲಿ ಹೋಗುತ್ತದೆ. ಅದು ಸಣ್ಣ ಮಾತಲ್ಲವೆಂದು ನಾನು ಬಲ್ಲೆ. ಆದರೆ ವರ್ಷಕ್ಕೊಂದು ಅರ್ಧ ದಿನವನ್ನು ಉಳಿಸಹೋಗಿ ಉಳಿದ ಆಯುಷ್ಯದ ಕೂಲಿಯನ್ನು ಕಳೆದುಕೊಂಡರೆ ಅದು ಯಾವ ವ್ಯಾಪಾರ?

ಪರೀಕ್ಷೆಯಲ್ಲಿ ಕೇಡು ಕಂಡರೆ ಎದೆಗೆಡಬೇಕಾಗಿಲ್ಲ. ಲೇಸರ್ ಚಿಕಿತ್ಸೆಯಿಂದ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆಂದು ಅಮೆರಿಕದ ಒಂದು ಅಧ್ಯಯನ 1976ರಲ್ಲೇ ತೋರಿಸಿತು. ಈಗ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳೂ ಬಂದಿವೆ. ಎಲ್ಲಕ್ಕೂ ಒಂದೇ ಕರಾರು: ಹೊತ್ತು ಮೀರುವ ಮೊದಲು ಹೋಗಬೇಕು.

ಎಲ್ಲಿಗೆ ಹೋಗಬೇಕು? 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆ ಚಾಮರಾಜಪೇಟೆಯಲ್ಲಿದೆ. ಅದು ಸರ್ಕಾರದ್ದು, ಅಂದರೆ ನಿಮ್ಮದು. ಇ.ಎಸ್.ಐ. ವಿಮೆ ಇರುವ ಕೆಲಸಗಾರರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದೆ. ಆ ವಿಮೆಗೆ ನಿಮ್ಮ ಸಂಬಳದಿಂದ ತಿಂಗಳು ತಿಂಗಳೂ ಹಣ ಮುರಿಯುತ್ತಾರೆ. ಹಣ ಕಟ್ಟಿದ್ದೀರಿ, ಚಿಕಿತ್ಸೆ ಕೇಳುವುದಕ್ಕೆ ಸಂಕೋಚ ಬೇಡ.

ಇದು ಒಬ್ಬೊಬ್ಬರ ತಪ್ಪಲ್ಲ

ಕೊನೆಯ ಮಾತು. ಸಕ್ಕರೆ ಕಾಯಿಲೆಯವನನ್ನು ಕಂಡರೆ “ಸೋಮಾರಿ, ನಡೆಯುವುದಿಲ್ಲ” ಎಂದು ಬೈಯುವುದು ಸುಲಭ. ಹೊತ್ತಿಲ್ಲದವನಿಗೆ ನಡೆಯೆಂದು ಉಪದೇಶ ಮಾಡುವುದು ಇನ್ನೂ ಸುಲಭ. ಎಂಟು ಗಂಟೆಯ ದುಡಿಮೆಗಾಗಿ ನಮ್ಮ ಹಿರಿಯರು ಹೋರಾಡಿದರು. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಕಾರ್ಖಾನೆಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಯವರೆಗೆ ಕೆಲಸ ಮಾಡಿಸಲು ಎಡೆಕೊಡುವ ತಿದ್ದುಪಡಿಯನ್ನು ಒಪ್ಪಿತು. ಹನ್ನೆರಡು ಗಂಟೆ ಕೆಲಸ, ಎರಡು ಗಂಟೆ ಬಸ್ಸು ಎಂದಾದರೆ ನಡೆಯುವುದಕ್ಕೆ ಹೊತ್ತೆಲ್ಲಿ? ಒಡೆದ ಪಾದಚಾರಿ ದಾರಿಯ ಮೇಲೆ, ದೀಪವಿಲ್ಲದ ರಸ್ತೆಯಲ್ಲಿ, ಮಬ್ಬು ಕಣ್ಣಿನವನು ನಡೆಯುವುದಾದರೂ ಹೇಗೆ? ಆದುದರಿಂದ ಬಿಡುವಿನ ಹೊತ್ತು, ಬೀದಿಯ ದೀಪ, ಸಮನಾದ ಕಾಲುದಾರಿ, ಇವುಗಳ ಬೇಡಿಕೆಯೂ ಕಣ್ಣಿನ ಬೇಡಿಕೆಯೆ.

ಆದರೆ ಅವೆಲ್ಲ ಬರುವವರೆಗೆ ಕಣ್ಣಿನ ನಾಳಗಳು ಕಾಯುವುದಿಲ್ಲ. ಆದುದರಿಂದ ಈ ಸಭೆ ಮುಗಿಯುವ ಮೊದಲು ಮೂರು ಮಾತು ತೀರ್ಮಾನಿಸೋಣ. ಒಂದು, ಓಣಿಗೊಂದರಂತೆ ನಡೆಯುವವರ ಗುಂಪು ಕಟ್ಟುವುದು. ಒಬ್ಬ ಬರದಿದ್ದರೆ ಮಿಕ್ಕವರು ಅವನ ಬಾಗಿಲು ತಟ್ಟುವುದು. ಎರಡು, ಗುಂಪಿನಲ್ಲಿ ಸಕ್ಕರೆ ಕಾಯಿಲೆ ಇರುವವರ ಹೆಸರು, ಅವರು ಕಣ್ಣಿನ ಪರದೆ ಕೊನೆಗೆ ಯಾವಾಗ ತೋರಿಸಿದರು ಎಂಬುದನ್ನು, ಅವರ ಒಪ್ಪಿಗೆ ಪಡೆದು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮೂರು, ವರ್ಷ ಮೀರಿದವರನ್ನು ಇಬ್ಬಿಬ್ಬರಂತೆ ಕಣ್ಣಾಸ್ಪತ್ರೆಗೆ ಕರೆದೊಯ್ಯುವುದು. ಅವರ ಅರ್ಧ ದಿನದ ಅಂಗಡಿಯನ್ನು ಪಕ್ಕದ ಅಂಗಡಿಯವನು ನೋಡಿಕೊಳ್ಳುವುದು, ಅವರ ಪಾಳಿಯನ್ನು ಜೊತೆಗಾರ ಬದಲಾಯಿಸಿಕೊಳ್ಳುವುದು.

ಇದಕ್ಕೆ ಚಂದಾ ಬೇಕಾಗಿಲ್ಲ. ನೋಟ್‌ಬುಕ್ಕನ್ನು ನಾನು ತಂದಿದ್ದೇನೆ. ಮೊದಲ ಪುಟದಲ್ಲಿ ಹೆಸರು ಬರೆಸುವವರು ಮುಂದೆ ಬನ್ನಿ.